ಸಾಬೂನಿನ ಒಡೆಯ ವಿಲಿಯಂ ಲೀವರ್

ಸುಮಾರು ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನ ಗೃಹಿಣಿಯು ಬಟ್ಟೆ ಒಗೆಯುವ ಸಾಬೂನನ್ನು ಕೊಳ್ಳುತ್ತಿದ್ದ ರೀತಿಯೇ ಬೇರೆಯಾಗಿತ್ತು. ದಿನಸಿ ಅಂಗಡಿಯಲ್ಲಿ ಉದ್ದುದ್ದವಾದ ಸಾಬೂನಿನ ದಿಂಡುಗಳನ್ನು ಪೇರಿಸಿಟ್ಟಿರುತ್ತಿದ್ದರು. ಅವಕ್ಕೆ ಹೆಸರಿರಲಿಲ್ಲ, ಹೊದಿಕೆಯೂ ಇರಲಿಲ್ಲ. ಅಂಗಡಿಯವನು ಬೇಕಾದಷ್ಟನ್ನು ಕತ್ತರಿಸಿ, ತಕ್ಕಡಿಯಲ್ಲಿ ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದನು. ಹೆಚ್ಚಾಗಿ ಪ್ರಾಣಿಗಳ ಕೊಬ್ಬಿನಿಂದ ತಯಾರಾಗುತ್ತಿದ್ದ ಆ ಸಾಬೂನು ಒಂದು ವಾರ ಒಂದು ಬಗೆಯದಾಗಿದ್ದರೆ ಮುಂದಿನ ವಾರ ಇನ್ನೊಂದು ಬಗೆಯದಾಗಿರುತ್ತಿತ್ತು. ಅದನ್ನು ತಯಾರಿಸಿದವನು ಯಾರೆಂಬುದು ಕೊಳ್ಳುವವಳಿಗೆ ತಿಳಿಯುತ್ತಿರಲಿಲ್ಲ. ಅಂದು ಲ್ಯಾಂಕಶೈರಿನ ಬೋಲ್ಟನ್ ಪಟ್ಟಣದ ಒಂದು ಮಳಿಗೆಯಲ್ಲಿ ಹೀಗೆ ಸಾಬೂನು ಕತ್ತರಿಸಿ ಸುತ್ತುತ್ತಿದ್ದ ಹದಿನಾರರ ಬಾಲಕನೊಬ್ಬನು ಮುಂದೆ ಈ ಪದ್ಧತಿಯನ್ನೇ ಮೂಲೆಗೆ ತಳ್ಳಿದನು. ಅವನೇ ವಿಲಿಯಂ ಹೆಸ್ಕೆತ್ ಲೀವರ್.

ಲೀವರನು 1851ರ ಸೆಪ್ಟೆಂಬರ್ 19ರಂದು ಬೋಲ್ಟನ್ನಿನಲ್ಲಿ ಜನಿಸಿದನು. ಅದು ಹತ್ತಿಗಿರಣಿಗಳ ಊರು. ಎತ್ತ ನೋಡಿದರೂ ಹೊಗೆಗೊಳವೆಗಳು, ಮಸಿ ಹಿಡಿದ ಗೋಡೆಗಳು, ಒಂದಕ್ಕೊಂದು ಅಂಟಿಕೊಂಡ ಕಾರ್ಮಿಕರ ಮನೆಗಳು. ತಂದೆ ಜೇಮ್ಸ್ ಲೀವರ್ ದಿನಸಿಯ ಸಗಟು ವ್ಯಾಪಾರಿ. ದೈವಭಕ್ತ, ಮದ್ಯಪಾನವನ್ನೂ ಧೂಮಪಾನವನ್ನೂ ದೂರವಿಟ್ಟವನು. ಮನೆಯಲ್ಲಿ ಹತ್ತು ಮಂದಿ ಮಕ್ಕಳು. ವಿಲಿಯಂ ಏಳನೆಯವನಾದರೂ ಗಂಡುಮಕ್ಕಳಲ್ಲಿ ಹಿರಿಯನು. ಅವನು ವೈದ್ಯನಾಗಬೇಕೆಂಬುದು ತಾಯಿಯ ಬಯಕೆ. ಕಟ್ಟಡಗಳ ನಕ್ಷೆ ಬರೆಯುವ ವಾಸ್ತುಶಿಲ್ಪಿಯಾಗಬೇಕೆಂಬುದು ಅವನದೇ ಹಂಬಲ. ಆದರೆ ತಂದೆಗೆ ಅಂಗಡಿಯಲ್ಲಿ ಕೈಯಾಳು ಬೇಕಾಗಿತ್ತು. 1867ರಲ್ಲಿ ಶಾಲೆ ಬಿಟ್ಟು ಅವನು ಅಂಗಡಿ ಸೇರಿದನು. ವಾರಕ್ಕೆ ಒಂದು ಶಿಲ್ಲಿಂಗು ಕೈಖರ್ಚು. ಅಂಗಡಿಯಲ್ಲಿ ಎಲ್ಲರಿಗಿಂತ ಕಿರಿಯನಿಗೆ ಮೀಸಲಾದ ಕೆಲಸವೇ ಅವನಿಗೂ ಸಿಕ್ಕಿತು: ಸಾಬೂನು ಕತ್ತರಿಸುವುದು, ಸಕ್ಕರೆ ಪುಡಿಮಾಡುವುದು, ಕಸ ಗುಡಿಸುವುದು. ಆ ದಿನಗಳಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬ ಲೇಖಕನು ಸ್ವಪ್ರಯತ್ನದ ಮಹಿಮೆಯನ್ನು ಕುರಿತು ಬರೆದ ಪುಸ್ತಕವೊಂದು ಅವನ ಕೈಸೇರಿತು. ಅದು ಅವನ ಮೇಲೆ ಮಾಡಿದ ಪರಿಣಾಮ ಎಷ್ಟೆಂದರೆ, ಮುಂದೆ ದೊಡ್ಡ ಯಜಮಾನನಾದ ಮೇಲೂ ಅದರ ಪ್ರತಿಗಳನ್ನು ಕೊಂಡು ತರುಣರಿಗೆ ಹಂಚುತ್ತಿದ್ದನು.

ಇಪ್ಪತ್ತೊಂದನೆಯ ವಯಸ್ಸಿಗೆ ಲೀವರನು ತಂದೆಯ ವ್ಯಾಪಾರದಲ್ಲಿ ಪಾಲುದಾರನಾದನು. ಕುದುರೆಗಾಡಿಯಲ್ಲಿ ಹಳ್ಳಿಹಳ್ಳಿಗೂ ಹೋಗಿ ಅಂಗಡಿಯವರಿಂದ ಬೇಡಿಕೆಗಳನ್ನು ಬರೆದುಕೊಂಡು ಬರುವುದು ಅವನ ಕೆಲಸ. ಇತರರು ಯಾವ ಊರಿನಿಂದ ಹಿಂದಿರುಗುತ್ತಿದ್ದರೋ ಅಲ್ಲಿಂದ ಇನ್ನೊಂದು ಊರು ಮುಂದಕ್ಕೆ ಹೋಗುವುದು ಅವನ ಸ್ವಭಾವ. ಹೀಗೆ ಮುಂದುಮುಂದಕ್ಕೆ ಹೋಗಿಯೇ ವಿಗನ್ ಪಟ್ಟಣದಲ್ಲಿ ಶಾಖೆಯೊಂದನ್ನು ತೆರೆದನು. 1874ರಲ್ಲಿ ಬಾಲ್ಯದ ಒಡನಾಡಿ ಎಲಿಜಬೆತ್ ಹ್ಯೂಮ್ ಎಂಬಾಕೆಯನ್ನು ವಿವಾಹವಾದನು. 1884ರ ಹೊತ್ತಿಗೆ, ಮೂವತ್ಮೂರರ ಪ್ರಾಯದಲ್ಲಿ, ಉಳಿದ ಆಯುಷ್ಯವನ್ನು ಸುಖವಾಗಿ ಕಳೆಯಬಹುದಾದಷ್ಟು ಹಣ ಅವನಲ್ಲಿ ಸೇರಿತ್ತು. ಆ ವರ್ಷ ಪತ್ನಿಯೊಡನೆ ಹಡಗಿನಲ್ಲಿ ಸ್ಕಾಟ್ಲೆಂಡಿನ ದ್ವೀಪಗಳ ಪ್ರವಾಸಕ್ಕೆ ಹೋಗಿದ್ದನು. ಪಶ್ಚಿಮದ ಕಡಲಿನಲ್ಲಿರುವ ಲೂಯಿಸ್ ದ್ವೀಪವನ್ನು ಅವನು ಮೊದಲು ಕಂಡದ್ದು ಆಗಲೇ. ಆ ದ್ವೀಪದ ಮಾತು ಮುಂದೆ ಬರುತ್ತದೆ.

ಪ್ರವಾಸದಿಂದ ಮರಳಿದವನು ವಿಶ್ರಾಂತಿಯನ್ನು ಬಯಸಲಿಲ್ಲ. ತನ್ನದೇ ಹೆಸರಿನ ಒಂದು ಸಾಬೂನನ್ನು ಮಾರುಕಟ್ಟೆಗೆ ತರಬೇಕೆಂದು ನಿಶ್ಚಯಿಸಿದನು. ಮೊದಲು ಬೇಕಾದದ್ದು ಇತರರು ಕದಿಯಲಾಗದ ಒಂದು ಹೆಸರು. ಲಿವರ್‌ಪೂಲಿನ ವ್ಯಾಪಾರಮುದ್ರೆಯ ತಜ್ಞನೊಬ್ಬನು ಕಾಗದದ ಮೇಲೆ ಕೆಲವು ಹೆಸರುಗಳನ್ನು ಬರೆದುಕೊಟ್ಟನು. ಲೀವರನಿಗೆ ಅವು ಯಾವುವೂ ಮೊದಲು ಹಿಡಿಸಲಿಲ್ಲ. ಕೆಲವು ದಿನಗಳ ನಂತರ ಆ ಪಟ್ಟಿಯಲ್ಲಿದ್ದ ಒಂದು ಶಬ್ದ ಅವನಿಗೆ ತಟ್ಟನೆ ಹೊಳೆಯಿತು. ಸೂರ್ಯನ ಬೆಳಕು ಎಂಬ ಅರ್ಥದ ಆ ಸನ್‌ಲೈಟ್ ಎಂಬ ಹೆಸರನ್ನು ಬೇರೆಯವರು ಕಸಿಯುವ ಮುನ್ನವೇ ನೋಂದಾಯಿಸಲು ಅವನು ಓಡಿದನು. ಮಳೆ, ಮೋಡ, ಹೊಗೆ ಇವುಗಳ ನಡುವೆ ಬಟ್ಟೆ ಒಣಗಿಸಲು ಪರದಾಡುತ್ತಿದ್ದ ಆ ನಾಡಿನ ಹೆಂಗಸರಿಗೆ ಇದಕ್ಕಿಂತ ಹಿತವಾದ ಹೆಸರು ಬೇರೊಂದಿರಲಾರದು.

ಮೊದಲು ಬೇರೆಯವರಿಂದ ಸಾಬೂನು ಮಾಡಿಸಿ ತನ್ನ ಮುದ್ರೆ ಒತ್ತಿದನು. ಅವರು ಕೊಡುವ ಸರಕಿನ ಗುಣದಲ್ಲಿ ನಂಬಿಕೆ ಸಾಲಲಿಲ್ಲ. 1885ರಲ್ಲಿ ತಮ್ಮ ಜೇಮ್ಸ್ ಡಾರ್ಸಿಯೊಡನೆ ವಾರಿಂಗ್ಟನ್ನಿನ ಚಿಕ್ಕ ಕಾರ್ಖಾನೆಯೊಂದನ್ನು ಗುತ್ತಿಗೆಗೆ ಹಿಡಿದನು. ವಿಲಿಯಂ ಹಫ್ ವಾಟ್ಸನ್ ಎಂಬ ರಸಾಯನ ತಜ್ಞನು ಅವರ ಜೊತೆಗೂಡಿದನು. ಪ್ರಾಣಿಜನ್ಯ ಕೊಬ್ಬನ್ನು ಕಡಿಮೆ ಮಾಡಿ ಕೊಬ್ಬರಿ ಅಥವಾ ತಾಳೆಬೀಜದ ಎಣ್ಣೆ, ಹತ್ತಿಬೀಜದ ಎಣ್ಣೆ ಮತ್ತು ರಾಳ ಇವುಗಳನ್ನು ಹದವಾಗಿ ಬೆರೆಸಿದ್ದರಿಂದ ಈ ಸಾಬೂನು ಸುಲಭವಾಗಿ ನೊರೆ ಕೊಡುತ್ತಿತ್ತು. ಕತ್ತರಿಸುವ ಗೋಜಿಲ್ಲದಂತೆ ಅದನ್ನು ನಿಶ್ಚಿತ ತೂಕದ ಬಿಲ್ಲೆಗಳಾಗಿ ಅಚ್ಚುಹಾಕಿ, ಹೊಳಪಿನ ಕಾಗದ ಹೊದಿಸಿ, ಪೆಟ್ಟಿಗೆಯಲ್ಲಿಟ್ಟು ಮಾರಿದರು. ಆರಂಭದಲ್ಲಿ ವಾರಕ್ಕೆ 20 ಟನ್ನು ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ 1888ರ ವೇಳೆಗೆ 450 ಟನ್ನು ತಯಾರಾಗತೊಡಗಿತು. ಅದೇ ವರ್ಷ ಲೀವರ್ ಸಹೋದರರ ಹೆಸರು ಅಚ್ಚೊತ್ತಿದ ಸನ್‌ಲೈಟ್ ಬಿಲ್ಲೆಗಳ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ಕೆಲವು ವರ್ಷಗಳಲ್ಲಿ ಲೈಫ್‌ಬಾಯ್ ಸಾಬೂನೂ ನಮ್ಮ ದೇಶಕ್ಕೆ ಬಂದಿತು.

ಸರಕು ಚೆನ್ನಾಗಿದ್ದರೆ ಸಾಲದು, ಅದನ್ನು ಜನ ಕೇಳಿ ಪಡೆಯುವಂತಾಗಬೇಕು ಎಂಬುದನ್ನು ಲೀವರನಂತೆ ಅರಿತ ವ್ಯಾಪಾರಿಗಳು ಅಂದು ವಿರಳ. ರೈಲು ನಿಲ್ದಾಣಗಳ ಗೋಡೆಗಳ ಮೇಲೂ ಪತ್ರಿಕೆಗಳ ಪುಟಗಳಲ್ಲೂ ಅವನ ಜಾಹೀರಾತು ಕಾಣಿಸಿಕೊಂಡಿತು. ಸಾಬೂನಿನಲ್ಲಿ ಕಲಬೆರಕೆಯನ್ನು ತೋರಿಸಿಕೊಟ್ಟವರಿಗೆ 1000 ಪೌಂಡು ಕೊಡುವುದಾಗಿ ಸಾರಿದನು. ಹೊದಿಕೆಗಳನ್ನು ಕೂಡಿಟ್ಟು ಕಳುಹಿಸಿದವರಿಗೆ ಬಹುಮಾನಗಳನ್ನು ಕೊಟ್ಟನು. 1889ರಲ್ಲಿ ಫ್ರಿತ್ ಎಂಬ ಖ್ಯಾತ ಚಿತ್ರಕಾರನು ಬರೆದ, ಹೊಸ ಅಂಗಿ ತೋರಿಸುತ್ತ ನಿಂತ ಬಾಲಿಕೆಯ ಚಿತ್ರವನ್ನು ಕೊಂಡು, ಅದಕ್ಕೆ ಸಾಬೂನಿನ ಹೆಸರನ್ನು ಸೇರಿಸಿ ಅಚ್ಚುಹಾಕಿಸಿದನು. ತನ್ನ ಕಲಾಕೃತಿ ಸಾಬೂನು ಮಾರುವ ಸಾಧನವಾಯಿತೆಂದು ಚಿತ್ರಕಾರನು ಸಿಟ್ಟಾದನು. ಹಣ ಕೊಟ್ಟು ಕೊಂಡ ಮೇಲೆ ವಸ್ತು ತನ್ನದೇ ಎಂಬ ಭಾವನೆ ಲೀವರನಲ್ಲಿ ಬಲವಾಗಿತ್ತು. ಕಡೆಯವರೆಗೂ ಅವನು ಆ ಭಾವನೆಯನ್ನು ಬಿಡಲಿಲ್ಲ.

ವಾರಿಂಗ್ಟನ್ನಿನ ಕಾರ್ಖಾನೆ ಇಕ್ಕಟ್ಟಾಯಿತು. 1887ರಲ್ಲಿ ಮರ್ಸಿ ನದಿಯ ದಂಡೆಯಲ್ಲಿ, ಬೆಬಿಂಗ್ಟನ್ನಿನ ಸಮೀಪ, 56 ಎಕರೆ ಜೌಗು ನೆಲವನ್ನು ಅವನು ಕೊಂಡನು. ಭರತದ ವೇಳೆ ನೀರು ನುಗ್ಗುವ ಹಳ್ಳಗಳು ಆ ನೆಲವನ್ನು ಸೀಳಿದ್ದವು. ನೋಡಿದವರು ಇದು ಯಾವ ಕೆಲಸಕ್ಕೂ ಬಾರದೆಂದು ತಿಳಿಯುವಂತಿತ್ತು. 1888ರ ಮಾರ್ಚ್ 3ರಂದು ಶ್ರೀಮತಿ ಲೀವರ್ ಅಲ್ಲಿ ಮೊದಲ ಹಿಡಿ ಮಣ್ಣನ್ನು ಅಗೆದಳು. ಮರುವರ್ಷ ಕಾರ್ಖಾನೆ ಕೆಲಸ ಆರಂಭಿಸಿತು. ಕಾರ್ಖಾನೆಯ ಪಕ್ಕದಲ್ಲಿ ಒಂದು ಊರೇ ಎದ್ದಿತು. ಅದಕ್ಕೆ ಪೋರ್ಟ್ ಸನ್‌ಲೈಟ್ ಎಂದು ಹೆಸರಿಟ್ಟರು. ಸಾಬೂನಿನ ಹೆಸರನ್ನು ಹೊತ್ತ ಊರು ಜಗತ್ತಿನಲ್ಲಿ ಬೇರೊಂದು ಇರುವುದು ಅಪರೂಪ.

ವಾಸ್ತುಶಿಲ್ಪಿಯಾಗಬೇಕೆಂಬ ಬಾಲ್ಯದ ಆಸೆ ಇಲ್ಲಿ ಕೈಗೂಡಿತು. ಸುಮಾರು ಮೂವತ್ತು ಮಂದಿ ವಾಸ್ತುಶಿಲ್ಪಿಗಳು ಈ ಊರಿನ ಮನೆಗಳನ್ನು ರೂಪಿಸಿದರು. ಒಂದು ಸಾಲಿನ ಮನೆಗಳಂತೆ ಇನ್ನೊಂದು ಸಾಲಿನವು ಇರಬಾರದು. ಮನೆಯ ಮುಂದೆ ಹಸುರು ಇರಬೇಕು. ಮನೆಯೊಳಕ್ಕೆ ಗಾಳಿ ಬೆಳಕು ಬರಬೇಕು. ಇದು ಅವನ ಕಟ್ಟಪ್ಪಣೆ. 1914ರ ವೇಳೆಗೆ 800 ಮನೆಗಳೂ ಸುಮಾರು 3500 ನಿವಾಸಿಗಳೂ ಇದ್ದ ಈ ಊರಿನಲ್ಲಿ ಶಾಲೆ, ಆಸ್ಪತ್ರೆ, ಸಭಾಭವನ, ಈಜುಕೊಳ, ಇಗರ್ಜಿ, ತರಕಾರಿ ಬೆಳೆದುಕೊಳ್ಳಲು ತುಂಡು ಭೂಮಿ ಎಲ್ಲವೂ ಇದ್ದವು. ಸ್ನಾನಗೃಹವೆಂಬುದು ಕಾರ್ಮಿಕರಿಗೆ ಕನಸಾಗಿದ್ದ ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ ಸ್ನಾನದ ತೊಟ್ಟಿಗಳಿದ್ದವು. ಬೋಲ್ಟನ್ನಿನ ಮಸಿ ಹಿಡಿದ ಬೀದಿಗಳನ್ನು ಕಂಡವನಿಗೆ ಇದರ ಬೆಲೆ ಗೊತ್ತಿತ್ತು.

ಲಾಭದಲ್ಲಿ ಕಾರ್ಮಿಕರಿಗೂ ಪಾಲು ಸಲ್ಲಬೇಕು ಎಂಬುದು ಅವನ ಮತ. ಆದರೆ ಆ ಪಾಲನ್ನು ನಗದಾಗಿ ಕೈಗೆ ಕೊಟ್ಟರೆ ಅದು ಹೆಂಡದಲ್ಲಿಯೋ ಹಬ್ಬದೂಟದಲ್ಲಿಯೋ ಕರಗಿಹೋಗುವುದೆಂದು ಅವನು ಭಾವಿಸಿದ್ದನು. ಆದುದರಿಂದ ಅವರ ಪಾಲನ್ನು ಅವರ ಪರವಾಗಿ ತಾನೇ ಮನೆಗಳಿಗೂ ಉದ್ಯಾನಗಳಿಗೂ ವೆಚ್ಚಮಾಡುವೆನೆಂದನು. ಈ ವಾದದಲ್ಲಿ ಕಾಳಜಿಯಿದೆ. ಜೊತೆಗೆ ಯಜಮಾನಿಕೆಯೂ ಇದೆ. ಕೆಲಸ ಕಳೆದುಕೊಂಡವನು ಮನೆಯನ್ನೂ ಕಳೆದುಕೊಳ್ಳಬೇಕಾಗಿತ್ತು. ಮನೆ ಹೇಗಿರಬೇಕು, ಅಂಗಳ ಹೇಗಿರಬೇಕು ಎಂಬುದಕ್ಕೆ ಕಟ್ಟಳೆಗಳಿದ್ದವು. ಸ್ವತಂತ್ರ ಮನೋಭಾವದವನಿಗೆ ಅಲ್ಲಿ ಉಸಿರು ಕಟ್ಟುತ್ತದೆಂದು ಕಾರ್ಮಿಕ ಸಂಘದ ಮುಖಂಡನೊಬ್ಬನು ಆಕ್ಷೇಪಿಸಿದನು. ಆದರೂ ಒಂದು ಪ್ರಸಂಗವನ್ನು ಹೇಳಲೇಬೇಕು. ಮದ್ಯವನ್ನು ಮುಟ್ಟದ ಲೀವರನು ಊರಿನ ವಸತಿಗೃಹದಲ್ಲಿ ಮದ್ಯ ಮಾರಬಾರದೆಂದು ವಿಧಿಸಿದ್ದನು. ನಿವಾಸಿಗಳು ಒಪ್ಪಲಿಲ್ಲ. ಕೊನೆಗೆ ಊರಿನವರ ಮತ ಕೇಳಲಾಯಿತು. ದೇಶದಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿನ ಮತಾಧಿಕಾರವಿಲ್ಲದಿದ್ದ ಆ ಕಾಲದಲ್ಲಿ ಇಲ್ಲಿ ಹೆಂಗಸರೂ ಮತ ಹಾಕಿದರು. ಬಹುಮತ ಮದ್ಯ ಮಾರಾಟದ ಕಡೆಗೆ ಬಂದಿತು. ಲೀವರನು ತನ್ನ ನಂಬಿಕೆಯನ್ನು ಬದಿಗಿಟ್ಟು ಆ ತೀರ್ಪಿಗೆ ತಲೆಬಾಗಿದನು. ಅವನ ಜೀವನದಲ್ಲಿ ಇಂತಹ ಪ್ರಸಂಗಗಳು ಹೆಚ್ಚಿಲ್ಲ.

1890ರಲ್ಲಿ ವ್ಯಾಪಾರವು ನಿಯಮಿತ ಕಂಪೆನಿಯಾಯಿತು. 1894ರಲ್ಲಿ ಅದರ ಷೇರುಗಳನ್ನು ಸಾರ್ವಜನಿಕರಿಗೆ ಮಾರಲಾಯಿತು. ತಮ್ಮನು ಅನಾರೋಗ್ಯದಿಂದ ಕೆಲಸದಿಂದ ದೂರ ಸರಿದನು. ಅಧ್ಯಕ್ಷನಾದ ಲೀವರನೇ ಸಂಸ್ಥೆಯ ಏಕೈಕ ಸೂತ್ರಧಾರನಾದನು. ಲಕ್ಸ್, ವಿಮ್ ಮೊದಲಾದ ಹೆಸರುಗಳು ಒಂದರ ಹಿಂದೊಂದು ಬಂದವು. ಅವನ ದಿನಚರಿ ಸೈನಿಕನದರಂತೆ. ಬೆಳಗಿನ ಜಾವಕ್ಕೆ ಎದ್ದು, ತಣ್ಣೀರಿನಲ್ಲಿ ಮಿಂದು, ವ್ಯಾಯಾಮ ಮಾಡಿ ಕೆಲಸಕ್ಕೆ ಕೂರುವನು. ಮಳೆಯಿರಲಿ ಹಿಮವಿರಲಿ, ಮನೆಯ ಮಾಳಿಗೆಯ ಮೇಲೆ ಬಯಲಿಗೆ ತೆರೆದ ಕೋಣೆಯಲ್ಲಿಯೇ ಮಲಗುವನು. ಕಾರ್ಖಾನೆಯಲ್ಲಿ ಅವನ ಕಚೇರಿಗೆ ಗಾಜಿನ ಗೋಡೆಗಳಿದ್ದವು; ಅಲ್ಲಿ ಕುಳಿತು ಗುಮಾಸ್ತರೆಲ್ಲರನ್ನೂ ನೋಡಬಹುದಾಗಿತ್ತು.

1906ನೆಯ ವರ್ಷ ಅವನಿಗೆ ಒಂದು ಕೈಯಲ್ಲಿ ಮಾನವನ್ನೂ ಇನ್ನೊಂದು ಕೈಯಲ್ಲಿ ಅವಮಾನವನ್ನೂ ತಂದಿತು. ಹಲವು ಬಾರಿ ಸೋತ ಬಳಿಕ ಆ ವರ್ಷ ವಿರಲ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯನಾಗಿ ಪಾರ್ಲಿಮೆಂಟನ್ನು ಪ್ರವೇಶಿಸಿದನು. ವೃದ್ಧರಿಗೆ ಸರ್ಕಾರವೇ ನಿವೃತ್ತಿವೇತನ ಕೊಡಬೇಕೆಂದು ಅಲ್ಲಿ ಒತ್ತಾಯಿಸಿದನು. 1908ರಲ್ಲಿ ಅಂತಹ ಶಾಸನ ಬಂದಿತು. ಆದರೆ ಅದೇ 1906ರಲ್ಲಿ ಎಣ್ಣೆ ಕೊಬ್ಬುಗಳ ಬೆಲೆ ಏರಿತು. ಲೀವರನು ಸಾಬೂನಿನ ಬೆಲೆಯನ್ನು ಏರಿಸುವ ಬದಲು 16 ಔನ್ಸಿನ ಕಟ್ಟನ್ನು 15 ಔನ್ಸಿಗೆ ಇಳಿಸಿದನು. ಜೊತೆಗೆ ಇತರ ಸಾಬೂನು ತಯಾರಕರೊಡನೆ ಒಕ್ಕೂಟ ಕಟ್ಟಿದನು. ಜಾಹೀರಾತಿನ ವೆಚ್ಚ ಉಳಿಸುವುದು ಅದರ ಉದ್ದೇಶಗಳಲ್ಲೊಂದು. ಜಾಹೀರಾತಿನ ಹಣ ಕಳೆದುಕೊಂಡ ಪತ್ರಿಕೆಗಳು ಕೆರಳಿದವು. ಡೈಲಿ ಮೇಲ್ ಪತ್ರಿಕೆಯಂತೂ ಬಡವರ ಔನ್ಸನ್ನು ಕದ್ದವನೆಂಬಂತೆ ಅವನನ್ನು ದಿನವೂ ಚಿತ್ರಿಸಿತು. ಮಾರಾಟ ತೀವ್ರವಾಗಿ ಕುಸಿಯಿತು. ಷೇರುಗಳ ಬೆಲೆ ಬಿದ್ದಿತು. ನವೆಂಬರಿನಲ್ಲಿ ಒಕ್ಕೂಟವನ್ನು ಕೈಬಿಡಬೇಕಾಯಿತು.

ಲೀವರನು ಮಾನನಷ್ಟದ ಮೊಕದ್ದಮೆ ಹೂಡಿದನು. 1907ರ ಜುಲೈಯಲ್ಲಿ ಲಿವರ್‌ಪೂಲಿನಲ್ಲಿ ವಿಚಾರಣೆ ನಡೆಯಿತು. ಅವನ ಪರವಾಗಿ ನಿಂತವನು ಸರ್ ಎಡ್ವರ್ಡ್ ಕಾರ್ಸನ್. ಎದುರಾಳಿಯ ವಕೀಲನು ರೂಫಸ್ ಐಸಾಕ್ಸ್. ಈ ಐಸಾಕ್ಸನೇ ಮುಂದೆ ಲಾರ್ಡ್ ರೀಡಿಂಗ್ ಎಂಬ ಹೆಸರಿನಿಂದ ಭಾರತದ ವೈಸರಾಯ್ ಆಗಿ ಬಂದವನು. ಲೀವರನು ಕಟಕಟೆಯಲ್ಲಿ ನಿಂತು ಎಲ್ಲ ಪ್ರಶ್ನೆಗಳಿಗೂ ನೇರವಾಗಿ ಉತ್ತರಿಸಿದನು. ವಿಚಾರಣೆ ಮುಗಿಯುವ ಮೊದಲೇ ಪತ್ರಿಕೆ ಸೋಲೊಪ್ಪಿಕೊಂಡು 50,000 ಪೌಂಡು ಕೊಡಲು ಒಪ್ಪಿತು. ಇತರ ಪತ್ರಿಕೆಗಳಿಂದಲೂ ಪರಿಹಾರ ಬಂದು ಒಟ್ಟು ಮೊತ್ತ 91,000 ಪೌಂಡು ಆಯಿತು. ಆ ಹಣದ ಬಹುಭಾಗವನ್ನು ಅವನು ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಕೊಟ್ಟನು. ನಗರ ನಿರ್ಮಾಣ ಶಾಸ್ತ್ರವನ್ನು ಬೋಧಿಸುವ ವಿಭಾಗ 1909ರಲ್ಲಿ ಅಲ್ಲಿ ಆರಂಭವಾದದ್ದು ಈ ಕೊಡುಗೆಯಿಂದ. ಆದರೂ ಒಂದು ಔನ್ಸಿನ ವಿಷಯದಲ್ಲಿ ಜನರಿಗೆ ಸ್ಪಷ್ಟವಾಗಿ ಮೊದಲೇ ತಿಳಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ.

ಸಾಬೂನಿಗೆ ಎಣ್ಣೆ ಬೇಕು. ಎಣ್ಣೆಗೆ ತಾಳೆಯೂ ತೆಂಗೂ ಬೇಕು. ಇವುಗಳಿಗಾಗಿ ಇತರರ ಮುಂದೆ ಕೈಚಾಚುವುದು ಲೀವರನಿಗೆ ಒಗ್ಗಲಿಲ್ಲ. ಶಾಂತಸಾಗರದ ಸಾಲೊಮನ್ ದ್ವೀಪಗಳಲ್ಲಿ ತೆಂಗಿನ ತೋಟಗಳನ್ನು ಹಾಕಿಸಿದನು. 1911ರಲ್ಲಿ ಆಫ್ರಿಕದ ಕಾಂಗೋ ದೇಶದಲ್ಲಿ ತಾಳೆ ಹಣ್ಣು ಸಂಗ್ರಹಿಸುವ ಹಕ್ಕನ್ನು ಬೆಲ್ಜಿಯಂ ಸರ್ಕಾರದಿಂದ ಪಡೆದನು. ಕಾಂಗೋ ಮೊದಲು ದೊರೆ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿದ್ದು, ರಬ್ಬರಿಗಾಗಿ ನಡೆದ ಕ್ರೌರ್ಯದಿಂದ ಜಗತ್ತಿನ ನಿಂದೆಗೆ ಗುರಿಯಾಗಿತ್ತು. ಪೋರ್ಟ್ ಸನ್‌ಲೈಟನ್ನು ಕಟ್ಟಿದವನು ಬಂದರೆ ತಮ್ಮ ಹೆಸರು ತೊಳೆದೀತೆಂದು ಬೆಲ್ಜಿಯಂ ಆಳರಸರು ಆಶಿಸಿದ್ದಿರಬೇಕು. ಒಪ್ಪಂದದಂತೆ ಲೀವರನು ಅಲ್ಲಿ ಆಸ್ಪತ್ರೆಗಳನ್ನೂ ಶಾಲೆಗಳನ್ನೂ ತೆರೆಸಿದನು. ಮುಖ್ಯ ಕೇಂದ್ರಕ್ಕೆ ಲೀವರ್‌ವಿಲ್ ಎಂದು ಹೆಸರಾಯಿತು.

ಆದರೆ ಎತ್ತರದ ತಾಳೆಮರ ಹತ್ತಿ ಗೊನೆ ಕಡಿಯುವ ಅಪಾಯದ ಕೆಲಸಕ್ಕೆ ಅಲ್ಪ ಕೂಲಿಗಾಗಿ ಜನ ಸ್ವಇಚ್ಛೆಯಿಂದ ಬರಲಿಲ್ಲ. ಅವರಿಗೆ ತಮ್ಮ ಬೇಸಾಯವಿತ್ತು, ಬೇಟೆಯಿತ್ತು. ಆಗ ಸರ್ಕಾರದ ಅಧಿಕಾರಿಗಳೂ ಊರ ಮುಖ್ಯಸ್ಥರೂ ಸೇರಿ ಬಲವಂತದಿಂದ ಆಳುಗಳನ್ನು ಒದಗಿಸಿದರು. ದೂರದೂರದಿಂದ ಕರೆತಂದವರು ಅರೆಹೊಟ್ಟೆಯಲ್ಲಿ, ಕಳಪೆ ಗುಡಿಸಲುಗಳಲ್ಲಿ ದುಡಿಯುತ್ತಿದ್ದರೆಂದು ಸರ್ಕಾರಿ ವೈದ್ಯರ ವರದಿಗಳೇ ತಿಳಿಸುತ್ತವೆ. ಬೆಲ್ಜಿಯಂ ದೇಶದ ಇತಿಹಾಸಕಾರ ಜೂಲ್ಸ್ ಮಾರ್ಷಲ್ ದಫ್ತರಗಳನ್ನು ಶೋಧಿಸಿ ಬರೆದ ಗ್ರಂಥದಿಂದ ಈ ಸಂಗತಿಗಳು ವಿವರವಾಗಿ ಬೆಳಕಿಗೆ ಬಂದಿವೆ. ಲೀವರನು ಮರಣಹೊಂದಿದ ಆರು ವರ್ಷಗಳ ಬಳಿಕ, 1931ರಲ್ಲಿ, ಆ ಪ್ರದೇಶದ ಪೆಂಡೆ ಜನರು ದಂಗೆಯೆದ್ದಾಗ ಐದುನೂರಕ್ಕೂ ಹೆಚ್ಚು ಮಂದಿ ಹತರಾದರು. ಪೋರ್ಟ್ ಸನ್‌ಲೈಟಿನ ಹೂದೋಟಗಳನ್ನು ಹೊಗಳುವವರು ಈ ತಾಳೆಮರಗಳನ್ನೂ ನೆನೆಯಬೇಕಾಗುತ್ತದೆ. ಎರಡೂ ಒಂದೇ ಲೆಕ್ಕಪುಸ್ತಕದಲ್ಲಿದ್ದವು.

1913ರ ಜುಲೈಯಲ್ಲಿ ಎರಡು ಆಘಾತಗಳು ಬಂದವು. ಹೆಂಗಸರ ಮತಾಧಿಕಾರಕ್ಕಾಗಿ ಹೋರಾಡುತ್ತಿದ್ದ ಎಡಿತ್ ರಿಗ್ಬಿ ಎಂಬಾಕೆ ರಿವಿಂಗ್ಟನ್ನಿನ ಬೆಟ್ಟದ ಮೇಲಿದ್ದ ಅವನ ಮರದ ಬಂಗಲೆಗೆ ಬೆಂಕಿಯಿಟ್ಟಳು. ಆ ಹೋರಾಟಕ್ಕೆ ಲೀವರನು ವಿರೋಧಿಯಾಗಿರಲಿಲ್ಲವೆಂಬುದು ವಿಧಿಯ ವ್ಯಂಗ್ಯ. ಅವನು ಅದೇ ಜಾಗದಲ್ಲಿ ಕಲ್ಲಿನ ಮನೆ ಕಟ್ಟಿಸಿದನು. ಅದೇ ತಿಂಗಳು ಪತ್ನಿ ತೀರಿಕೊಂಡಳು. ಆಕೆಯ ನೆನಪಿಗಾಗಿ ಪೋರ್ಟ್ ಸನ್‌ಲೈಟಿನಲ್ಲಿ ಲೇಡಿ ಲೀವರ್ ಕಲಾಶಾಲೆಯನ್ನು ಕಟ್ಟಿಸಿ, ತಾನು ಸಂಗ್ರಹಿಸಿದ ಚಿತ್ರಗಳನ್ನೂ ಶಿಲ್ಪಗಳನ್ನೂ ಅಲ್ಲಿರಿಸಿದನು. 1922ರಲ್ಲಿ ಅದರ ಪ್ರಾರಂಭೋತ್ಸವವಾಯಿತು. 1917ರಲ್ಲಿ ಸರ್ಕಾರ ಅವನಿಗೆ ಲಾರ್ಡ್ ಪದವಿಯನ್ನು ನೀಡಿದಾಗ ತನ್ನ ಹೆಸರಿನೊಡನೆ ಪತ್ನಿಯ ತವರಿನ ಹೆಸರನ್ನು ಕೂಡಿಸಿ ಲೀವರ್ಹ್ಯೂಮ್ ಎಂಬ ಬಿರುದನ್ನು ಆರಿಸಿಕೊಂಡನು.

ಇನ್ನು ಲೂಯಿಸ್ ದ್ವೀಪದ ಕಥೆ. 1918ರ ಮೇ ತಿಂಗಳಲ್ಲಿ, ಅರವತ್ತಾರರ ವಯಸ್ಸಿನಲ್ಲಿ, ಲೀವರನು ಆ ಇಡೀ ದ್ವೀಪವನ್ನು ಕೊಂಡನು. ಮರುವರ್ಷ ಅದಕ್ಕೆ ತಗುಲಿದ ದಕ್ಷಿಣದ ಹ್ಯಾರಿಸ್ ಕೂಡ ಅವನದಾಯಿತು. ಲೂಯಿಸಿನ ಜನರು ಗೇಲಿಕ್ ಭಾಷೆಯನ್ನಾಡುವವರು. ಚೂರು ನೆಲದಲ್ಲಿ ಓಟ್ಸು ಆಲೂಗಡ್ಡೆಗಳನ್ನು ಬೆಳೆದು, ಒಂದೆರಡು ಹಸುಗಳನ್ನು ಸಾಕಿ, ಕಡಲಿನಲ್ಲಿ ಮೀನು ಹಿಡಿದು ಬದುಕುವವರು. ಮಹಾಯುದ್ಧದಲ್ಲಿ ಆ ಪುಟ್ಟ ದ್ವೀಪ ಸಾವಿರ ಮಂದಿ ಗಂಡಸರನ್ನು ಕಳೆದುಕೊಂಡಿತ್ತು. ಯುದ್ಧ ಮುಗಿದ ಮೇಲೂ ದುಃಖ ತೀರಲಿಲ್ಲ. 1919ರ ಜನವರಿ 1ರ ನಸುಕಿನಲ್ಲಿ, ಮನೆಗೆ ಮರಳುತ್ತಿದ್ದ ನಾವಿಕರನ್ನು ಹೊತ್ತ ಅಯೊಲೇರ್ ಎಂಬ ಹಡಗು ಸ್ಟಾರ್ನೊವೇ ಬಂದರಿನ ಬಾಗಿಲಲ್ಲೇ ಬಂಡೆಗೆ ಬಡಿದು ಒಡೆಯಿತು. ಇನ್ನೂರಕ್ಕೂ ಮಿಕ್ಕ ಜನರು ದಡದ ದೀಪಗಳು ಕಾಣುವಷ್ಟು ದೂರದಲ್ಲಿ ಮುಳುಗಿಹೋದರು.

ಇಂತಹ ದ್ವೀಪಕ್ಕೆ ಲೀವರನು ಹೊತ್ತು ತಂದ ಯೋಜನೆ ಬೃಹತ್ತಾದದ್ದು. ಸ್ಟಾರ್ನೊವೇಯಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ, ಮಂಜುಗಡ್ಡೆಯ ಕಾರ್ಖಾನೆ, ವಿದ್ಯುಚ್ಛಕ್ತಿ, ರೈಲುಮಾರ್ಗ, ಹೊಸ ಬೀದಿಗಳು ಎಲ್ಲವೂ ಅದರಲ್ಲಿದ್ದವು. ಆ ಮೀನನ್ನು ಮಾರಲು ಬ್ರಿಟನ್ನಿನ ಉದ್ದಗಲಕ್ಕೂ ಮೀನಿನಂಗಡಿಗಳನ್ನು ಕೊಂಡು ಮ್ಯಾಕ್ ಫಿಷರೀಸ್ ಎಂಬ ಸಂಸ್ಥೆಯಡಿ ತಂದನು. ದ್ವೀಪದವರಿಗೆ ನಿಶ್ಚಿತ ಸಂಬಳ, ಒಳ್ಳೆಯ ಮನೆ, ಬಡತನದಿಂದ ಬಿಡುಗಡೆ. ಲಾಭದಾಸೆಯೊಂದೇ ಇದರ ಹಿಂದಿತ್ತೆಂದು ಹೇಳಲಾಗದು. ಇಷ್ಟು ಹಣವನ್ನು ಬೇರೆಡೆ ಹಾಕಿದ್ದರೆ ಹೆಚ್ಚು ಲಾಭ ಬರುತ್ತಿತ್ತು.

ಆದರೆ ಯುದ್ಧಕ್ಕೆ ಹೋದವರಿಗೆ ಮರಳಿದ ಮೇಲೆ ಭೂಮಿ ಸಿಗುವುದೆಂಬ ಭರವಸೆಯಿತ್ತು. ಸ್ಟಾರ್ನೊವೇ ಸಮೀಪದ ಗ್ರೆಸ್ ಮತ್ತು ಕೋಲ್ ಎಂಬ ದೊಡ್ಡ ಹೊಲಗಳನ್ನು ತಮಗೆ ಹಂಚಬೇಕೆಂದು ಮಾಜಿ ಸೈನಿಕರು ಕೇಳಿದರು. ಬೆಳೆಯಲಿರುವ ಪಟ್ಟಣಕ್ಕೆ ಹಾಲು ಒದಗಿಸಲು ಆ ಹೊಲಗಳು ಬೇಕೆಂದು ಲೀವರನು ನಿರಾಕರಿಸಿದನು. ಸೈನಿಕರು ಹೊಲಗಳಿಗೆ ನುಗ್ಗಿ, ಗಡಿಗಳನ್ನು ಗುರುತಿಸಿ, ದನಗಳನ್ನು ಬಿಟ್ಟರು. 1919ರ ಮಾರ್ಚಿನಲ್ಲಿ ಗ್ರೆಸ್ಸಿನ ಸೇತುವೆಯ ಬಳಿ ನೆರೆದ ಜನಸಮೂಹದ ನಡುವೆ ಲೀವರನು ಒಬ್ಬನೇ ನಿಂತು ಮಾತನಾಡಿದನು. ಕಿವಿ ಮಂದವಾಗಿದ್ದ ಆ ಮುದುಕನು ಬರಲಿರುವ ವೈಭವವನ್ನು ಬಣ್ಣಿಸಿದಾಗ ಎದುರಾಳಿಗಳ ಮನಸ್ಸೂ ಕ್ಷಣಕಾಲ ಅಲುಗಿತಂತೆ. ಆಗ ಗುಂಪಿನಿಂದ ಒಬ್ಬೊಬ್ಬರಾಗಿ ಎದ್ದು ವಿನಯದಿಂದಲೇ ಒಂದು ಪ್ರಶ್ನೆ ಕೇಳಿದರು: ಭೂಮಿ ಕೊಡುವಿರೋ, ಇಲ್ಲವೋ? ಇಲ್ಲವೆಂದನು ಲೀವರ್. ಅವನ ಕನಸು ದೊಡ್ಡದಾದರೂ ಅದು ಅವನ ಕನಸು, ತಮ್ಮದಲ್ಲ. ಗಂಟೆ ಬಾರಿಸಿದಾಗ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಸಂಬಳ ಪಡೆಯುವುದಕ್ಕಿಂತ ತುಂಡು ನೆಲದ ಮೇಲೆ ಸ್ವತಂತ್ರರಾಗಿರುವುದು ತಮಗೆ ಮೇಲು ಎಂಬುದು ಅವರ ಉತ್ತರದ ತಾತ್ಪರ್ಯ. ಅವರಿಗೆ ಅವನ ಮೇಲೆ ದ್ವೇಷವಿರಲಿಲ್ಲ. ನೇರವಾಗಿ ಮಾತನಾಡಿದನೆಂದು ಅವನನ್ನು ಗೌರವದಿಂದಲೇ ಬೀಳ್ಕೊಟ್ಟರು.

ಎರಡು ವರ್ಷ ಈ ಜಗ್ಗಾಟ ನಡೆಯಿತು. ದ್ವೀಪದಲ್ಲಿ ಅವನ ಯೋಜನೆಯನ್ನು ಬಯಸಿದವರೂ ಅನೇಕರಿದ್ದರು, ಮುಖ್ಯವಾಗಿ ಪಟ್ಟಣದವರು. ಸರ್ಕಾರ ಇತ್ತ ಮಾಜಿ ಸೈನಿಕರಿಗೆ ಕೊಟ್ಟ ಮಾತನ್ನೂ ಮುರಿಯಲಾರದೆ, ಅತ್ತ ಲೀವರನನ್ನೂ ಬಿಡಲಾರದೆ ತೂಗಾಡಿತು.

ಇದರ ಮಧ್ಯೆ 1920ರಲ್ಲಿ ಲೀವರನು ಎಂದೂ ಮಾಡದ ಅಜಾಗರೂಕತೆಯನ್ನು ಮಾಡಿದನು. ಪಶ್ಚಿಮ ಆಫ್ರಿಕದ ನೈಜರ್ ಕಂಪೆನಿಯನ್ನು, ಅದರ ಲೆಕ್ಕಪತ್ರಗಳನ್ನು ಸರಿಯಾಗಿ ಪರಿಶೀಲಿಸದೆಯೇ, 80 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಕೊಂಡುಬಿಟ್ಟನು. ಕೂಡಲೇ ತಾಳೆ ಎಣ್ಣೆಯ ಬೆಲೆ ಕುಸಿಯಿತು. ಕೊಂಡ ಕಂಪೆನಿಯ ತಲೆಯ ಮೇಲೆ ಭಾರಿ ಸಾಲವಿರುವುದು ತಿಳಿದುಬಂದಿತು. ಒಂದೊಂದು ಪೆನ್ನಿಯನ್ನೂ ಎಣಿಸುತ್ತಿದ್ದ ಸಂಸ್ಥೆ ಬ್ಯಾಂಕುಗಳ ಬಾಗಿಲು ತಟ್ಟಬೇಕಾಯಿತು. ಡಾರ್ಸಿ ಕೂಪರ್ ಎಂಬ ಲೆಕ್ಕಪರಿಶೋಧಕನು ಬಂದು ವ್ಯವಹಾರವನ್ನು ಹದಕ್ಕೆ ತಂದನು. ಅಲ್ಲಿಯವರೆಗೆ ಯಾರ ಮಾತಿಗೂ ಕಾಯದಿದ್ದ ಅಧ್ಯಕ್ಷನು ಈಗ ಇತರರ ಸಮ್ಮತಿಗೆ ಕಾಯಬೇಕಾಯಿತು.

ಆ ವರ್ಷದ್ದೇ ಇನ್ನೊಂದು ಪ್ರಸಂಗ ನಗೆ ತರಿಸುವಂತಹುದು. ಅಗಸ್ಟಸ್ ಜಾನ್ ಎಂಬ ಚಿತ್ರಕಾರನು ಬರೆದ ತನ್ನ ಭಾವಚಿತ್ರ ಲೀವರನಿಗೆ ಹಿಡಿಸಲಿಲ್ಲ. ಅದನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಬಚ್ಚಿಡಲು ಹೋದರೆ ಹಿಡಿಸಲಿಲ್ಲ. ಆಗ ತಲೆಯ ಭಾಗವನ್ನಷ್ಟೇ ಕತ್ತರಿಸಿ ಒಳಗಿಟ್ಟನು. ಮನೆಯ ಕೆಲಸದವರು ತಿಳಿಯದೆ ಉಳಿದ ಭಾಗವನ್ನು ಚಿತ್ರಕಾರನಿಗೇ ಹಿಂದಿರುಗಿಸಿದರು! ತಲೆಯಿಲ್ಲದ ಚಿತ್ರವನ್ನು ಕಂಡು ಜಾನ್ ಕೆಂಡವಾದನು. ಇಟಲಿಯವರೆಗೂ ಕಲಾವಿದರು ಪ್ರತಿಭಟಿಸಿದರು. ಫ್ರಿತ್ತನ ಚಿತ್ರದ ಕಾಲಕ್ಕೂ ಇದಕ್ಕೂ ಮೂವತ್ತು ವರ್ಷಗಳ ಅಂತರವಿದ್ದರೂ ಲೀವರನ ವಾದ ಬದಲಾಗಿರಲಿಲ್ಲ. ಮುಂದೆ ಎರಡು ಭಾಗಗಳನ್ನೂ ಕೂಡಿಸಿ ಹೊಲಿದು ಚಿತ್ರವನ್ನು ಸರಿಪಡಿಸಲಾಯಿತು.

ಹಣದ ಮುಗ್ಗಟ್ಟಿನಿಂದಲೂ ಭೂಮಿಯ ಜಗಳದಿಂದಲೂ ಬೇಸತ್ತ ಲೀವರನು 1921ರಲ್ಲಿ ಲೂಯಿಸಿನ ಕೆಲಸಗಳನ್ನು ನಿಲ್ಲಿಸಿದನು. ಕಾರ್ಖಾನೆಗಳು ಅರ್ಧಕ್ಕೇ ನಿಂತವು. ದುಡಿಮೆಯಿಲ್ಲದೆ, ಹಂಚಿಸಿಕೊಂಡ ನೆಲವೂ ಸಾಲದೆ, ತರುಣರು ಗುಳೆ ಹೊರಟರು. 1923ರ ಏಪ್ರಿಲಿನಲ್ಲಿ ಮೆಟಗಾಮ ಎಂಬ ಹಡಗೊಂದರಲ್ಲೇ ಸುಮಾರು 300 ಮಂದಿ ಕೆನಡಾಕ್ಕೆ ಹೋದರು. ದಡದಲ್ಲಿ ನಿಂತವರು ಅದನ್ನು ಇನ್ನೊಂದು ಸಾವಿನಂತೆ ಕಂಡರು. ಆ ವರ್ಷದ ಶರತ್ಕಾಲದಲ್ಲಿ ಲೀವರನು ದ್ವೀಪವನ್ನು ಅಲ್ಲಿನ ಜನರಿಗೇ ದಾನವಾಗಿ ಕೊಡುವುದಾಗಿ ಹೇಳಿದನು. ಪಟ್ಟಣದವರು ಸ್ವೀಕರಿಸಿದರು, ಅವರ ಪಾಲನ್ನು ನೋಡಿಕೊಳ್ಳಲು ಹುಟ್ಟಿದ ಸ್ಟಾರ್ನೊವೇ ಟ್ರಸ್ಟು ಇಂದಿಗೂ ಇದೆ. ಹಳ್ಳಿಗಳವರು ಬಹುಮಟ್ಟಿಗೆ ಒಲ್ಲೆವೆಂದರು. ಒಡೆತನದ ಜೊತೆಗೆ ತೆರಿಗೆಯ ಹೊರೆಯೂ ತಮ್ಮ ಮೇಲೆ ಬೀಳುವುದೆಂದು ಅವರು ಅಂಜಿದರು.

ಅವನು ಕೈಚೆಲ್ಲಲಿಲ್ಲ. ದಕ್ಷಿಣದ ಹ್ಯಾರಿಸಿಗೆ ಸರಿದು, ಓಬ್ ಎಂಬ ಕುಗ್ರಾಮದಲ್ಲಿ ಮೀನುಗಾರಿಕೆಯ ಬಂದರನ್ನು ಕಟ್ಟಿಸತೊಡಗಿದನು. ಅಲ್ಲಿನವರ ಒಪ್ಪಿಗೆಯಿಂದ ಅದಕ್ಕೆ ಲೀವರ್‌ಬರ್ಗ್ ಎಂದು ಹೆಸರಾಯಿತು. 1924ರಲ್ಲಿ ದೋಣಿಗಳು ಹೆರಿಂಗ್ ಮೀನನ್ನು ತಂದು ಅಲ್ಲಿ ಇಳಿಸಿದವು. ಅದೇ ವರ್ಷದ ಕೊನೆಯಲ್ಲಿ, ಎಪ್ಪತ್ತಮೂರರ ವೃದ್ಧನು, ಮತ್ತೊಮ್ಮೆ ಕಾಂಗೋ ಪ್ರವಾಸಕ್ಕೆ ಹೊರಟನು. 1925ರ ವಸಂತದಲ್ಲಿ ಹಿಂದಿರುಗಿದನು. ಹೆಚ್ಚು ದಿನ ಕಳೆಯಲಿಲ್ಲ. ಶ್ವಾಸಕೋಶದ ಉರಿಯೂತದಿಂದ ಮಲಗಿ, ಮೇ 7ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನ ಮನೆಯಲ್ಲಿ ಕೊನೆಯುಸಿರೆಳೆದನು. ಪೋರ್ಟ್ ಸನ್‌ಲೈಟಿನ ಇಗರ್ಜಿಯಲ್ಲಿ ಪತ್ನಿಯ ಪಕ್ಕದಲ್ಲಿ ಅವನನ್ನು ಸಮಾಧಿ ಮಾಡಿದರು.

ಡಾರ್ಸಿ ಕೂಪರ್ ಅಧ್ಯಕ್ಷನಾದನು. 1929ರಲ್ಲಿ ಸಂಸ್ಥೆಯು ಹಾಲೆಂಡಿನ ಮಾರ್ಗರಿನ್ ತಯಾರಕರೊಡನೆ ಕೂಡಿ ಯುನಿಲೀವರ್ ಆಯಿತು. ಅದರ ಭಾರತದ ಶಾಖೆಯಾಗಿ 1933ರಲ್ಲಿ ಆರಂಭವಾದ ಕಂಪೆನಿಯು 1956ರಿಂದ ಹಿಂದುಸ್ತಾನ್ ಲೀವರ್ ಎಂದೂ 2007ರಿಂದ ಹಿಂದುಸ್ತಾನ್ ಯುನಿಲೀವರ್ ಎಂದೂ ಹೆಸರು ಪಡೆದಿದೆ. ಲೀವರನ ಮರಣಶಾಸನದಿಂದ ಸ್ಥಾಪಿತವಾದ ನಿಧಿಯು ವಿದ್ವಾಂಸರ ಸಂಶೋಧನೆಗೆ ಇಂದಿಗೂ ನೆರವಾಗುತ್ತಿದೆ. ಕಾಂಗೋದ ಲೀವರ್‌ವಿಲ್ ಈಗ ಲುಸಾಂಗ ಎಂಬ ತನ್ನ ನಾಡಿನ ಹೆಸರಿನಿಂದ ಕರೆಯಲ್ಪಡುತ್ತದೆ. ಹ್ಯಾರಿಸಿನಲ್ಲಿ ಅವನ ಸಾವಿನ ಸುದ್ದಿ ಬಂದೊಡನೆ ಕೆಲಸ ನಿಂತಿತು. ಸಂಸ್ಥೆಯವರಿಗೆ ಆ ದೂರದ ಬಂದರಿನಲ್ಲಿ ಆಸಕ್ತಿಯಿರಲಿಲ್ಲ. ಮೀನಿನ ಮಳಿಗೆಗಳೂ ಯಂತ್ರಗಳೂ ಅತ್ಯಲ್ಪ ಬೆಲೆಗೆ ಮಾರಾಟವಾದವು, ಕೆಲಸಗಾರರು ಚದುರಿದರು. ಆದರೆ ಆ ಹಳ್ಳಿಯವರು ಊರಿನ ಹೆಸರನ್ನು ಬದಲಾಯಿಸಲಿಲ್ಲ. ಅದು ಈಗಲೂ ಲೀವರ್‌ಬರ್ಗ್.